ಎಪ್ಪತ್ತು ದಾಟಿದ ಅಪ್ಪನಿಗೆ ಮತ್ತೆ ಡ್ರೈವಿಂಗ್ ಟೆಸ್ಟ್ ಬೇಕಾ?

ಪ್ರಶ್ನೆ: ನನ್ನ ತಂದೆಗೆ 72 ವರ್ಷ. ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿ ಅಮ್ಮನ ಜೊತೆ ಇದ್ದಾರೆ. ತೋಟಕ್ಕೆ ಕಾರಿನಲ್ಲಿ ಹೋಗುತ್ತಾರೆ, ಪೇಟೆಗೆ ಸ್ಕೂಟರಿನಲ್ಲಿ. ಮುಂದಿನ ವರ್ಷ ಲೈಸೆನ್ಸ್ ರಿನ್ಯೂ ಮಾಡಿಸಬೇಕು. ಈಚೆಗೆ ಕಾರಿನ ಎಡಗಡೆ ಎರಡು ಸಲ ಉಜ್ಜಿಸಿಕೊಂಡು ಬಂದಿದ್ದಾರೆ. ತಮ್ಮ ಹೇಳೋದು, "ಬೇರೆ ದೇಶಗಳ ಹಾಗೆ ವಯಸ್ಸಾದವರಿಗೆಲ್ಲ ಮತ್ತೆ ಟೆಸ್ಟ್ ಇಡಬೇಕು, ಫೇಲಾದರೆ ಲೈಸೆನ್ಸ್ ಕೊಡಲೇಬಾರದು" ಅಂತ. ಅಪ್ಪನಿಗೆ ಈ ಮಾತೇ ಅವಮಾನ. "ಇಷ್ಟು ವರ್ಷದಲ್ಲಿ ಯಾರಿಗೂ ಗುದ್ದಿಲ್ಲ" ಅನ್ನುತ್ತಾರೆ. ಹಿರಿಯರ ಕಾಯಿಲೆಗಳನ್ನು ನೋಡುವ ಡಾಕ್ಟರಾಗಿ ನಿಮ್ಮ ಅಭಿಪ್ರಾಯವೇನು? ನಾವು ಏನು ಮಾಡಬೇಕು?

ಉತ್ತರ: ಮೊದಲು ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ವಯಸ್ಸು 70 ಆಯಿತು ಎಂಬ ಒಂದೇ ಕಾರಣಕ್ಕೆ ಎಲ್ಲರನ್ನೂ ಮತ್ತೆ ಆರ್‌ಟಿಓ ಟ್ರ್ಯಾಕಿಗೆ ಕರೆಸಬೇಕು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಆದರೆ ನಿಮ್ಮ ತಮ್ಮನ ಭಯಕ್ಕೆ ಕಾರಣವಿದೆ. ನಮ್ಮ ಕಾನೂನಿನಲ್ಲಿ ಹಿರಿಯ ಚಾಲಕರಿಗೆ ಈಗಾಗಲೇ ಒಂದು ವೈದ್ಯಕೀಯ ತಪಾಸಣೆ ಇದೆ. ಡಾಕ್ಟರುಗಳೂ ಅರ್ಜಿದಾರರೂ ಸೇರಿ ಅದನ್ನು ಬರೀ ಸಹಿ ಹಾಕಿಸುವ ಕೆಲಸ ಮಾಡಿಬಿಟ್ಟಿದ್ದೇವೆ. ಆ ತಪಾಸಣೆ ನಿಜವಾಗಿ ನಡೆಯಬೇಕು. ನನ್ನ ಮಾತೆಲ್ಲ ಅಷ್ಟೇ.

ಕಾನೂನು ಏನು ಹೇಳುತ್ತದೆ ನೋಡಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ ಮೇಲೆ, 55 ವರ್ಷ ದಾಟಿದವರಿಗೆ ಸ್ವಂತ ಗಾಡಿಯ ಲೈಸೆನ್ಸ್ ಐದೈದು ವರ್ಷಕ್ಕೆ ಮಾತ್ರ ಸಿಗುತ್ತದೆ. 40 ದಾಟಿದವರು ರಿನ್ಯೂ ಮಾಡಿಸುವಾಗ ಫಾರಂ 1ಎ ಎಂಬ ಮೆಡಿಕಲ್ ಸರ್ಟಿಫಿಕೇಟ್ ಕೊಡಬೇಕು. ಅಂದರೆ ನಿಮ್ಮ ತಂದೆ ಐದು ವರ್ಷಕ್ಕೊಮ್ಮೆ ಒಬ್ಬ ಡಾಕ್ಟರ ಮುಂದೆ ಕೂತು ತೋರಿಸಿಕೊಳ್ಳಲೇಬೇಕು. "ನಾನೇ ಪರೀಕ್ಷೆ ಮಾಡಿದ್ದೇನೆ, ದೂರದ ದೃಷ್ಟಿ, ಕಿವಿ, ಕೈಕಾಲು, ಕೀಲುಗಳನ್ನು ವಿಶೇಷವಾಗಿ ಗಮನಿಸಿದ್ದೇನೆ" ಎಂಬ ಅರ್ಥದ ಮಾತಿನ ಕೆಳಗೆ ಆ ಡಾಕ್ಟರು ಸಹಿ ಮಾಡುತ್ತಾರೆ. ಕೆಲವು ಕ್ಲಿನಿಕ್‌ಗಳಲ್ಲಿ ಅರ್ಜಿದಾರರು ಬರುವುದೇ ಇಲ್ಲ. ಏಜೆಂಟ್ ಹತ್ತು ಫಾರಂ ಒಟ್ಟಿಗೆ ತರುತ್ತಾನೆ, ಹತ್ತಕ್ಕೂ ಸೀಲು ಬೀಳುತ್ತದೆ. ನನ್ನ ವೃತ್ತಿಯವರೇ ಹೀಗೆ ಮಾಡುವುದು ನನಗೆ ಬಹಳ ಬೇಸರದ ವಿಷಯ. ಆ ಕಾಗದದ ಮೇಲೆ ಒಂದು ಮನೆಯವರ ಜೀವ ನಿಂತಿದೆ, ಎದುರಿಗೆ ಬರುವ ಇನ್ನೊಂದು ಮನೆಯವರ ಜೀವವೂ ನಿಂತಿದೆ.

ಸರಿ, ಪ್ರಾಮಾಣಿಕವಾಗಿ ತುಂಬಿದರೂ ಆ ಫಾರಂ ಸಾಕಾ? ಸಾಲದು. ಕಣ್ಣಿನ ವಿಷಯಕ್ಕೇ ಬನ್ನಿ. 25 ಮೀಟರ್ ದೂರದಿಂದ, ಒಳ್ಳೆ ಬೆಳಕಿನಲ್ಲಿ, ಬೇಕಾದರೆ ಕನ್ನಡಕ ಹಾಕಿಕೊಂಡು, ಕಾರಿನ ನಂಬರ್ ಪ್ಲೇಟ್ ಓದಬೇಕು. ಇದು ನೇರ ನೋಟದ ಪರೀಕ್ಷೆ. ರಸ್ತೆಯಲ್ಲಿ ಅಪಾಯ ಬರುವುದು ಹೆಚ್ಚಾಗಿ ಪಕ್ಕದಿಂದ. ಅಡ್ಡರಸ್ತೆಯಿಂದ ನುಗ್ಗುವ ಬೈಕು, ಗದ್ದೆಯಂಚಿನಿಂದ ಓಡಿ ಬರುವ ಮಗು, ಹಸು. ಗ್ಲಾಕೋಮಾ ಎಂಬ ಕಣ್ಣಿನ ನರದ ಕಾಯಿಲೆ ಬಂದವರಿಗೆ ಮೊದಲು ಹೋಗುವುದೇ ಈ ಪಕ್ಕದ ನೋಟ. ನೋವಿಲ್ಲ, ಕಣ್ಣು ಕೆಂಪಾಗುವುದಿಲ್ಲ, ಓದಲು ತೊಂದರೆ ಇಲ್ಲ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ತುಂಬಿಕೊಡುವುದರಿಂದ ಬಹಳ ಕಾಲ ಗೊತ್ತೇ ಆಗುವುದಿಲ್ಲ.

ನನ್ನ ಹತ್ತಿರ ಬರುತ್ತಿದ್ದ ಒಬ್ಬ ನಿವೃತ್ತ ಮೇಷ್ಟ್ರು ದೂರದ ಬೋರ್ಡನ್ನು ನನಗಿಂತ ಚೆನ್ನಾಗಿ ಓದುತ್ತಿದ್ದರು. ಅವರ ಮುಂದೆ ಕೂತು, "ನನ್ನ ಮೂಗನ್ನೇ ನೋಡ್ತಾ ಇರಿ" ಅಂತ ಹೇಳಿ, ಎರಡೂ ಕೈ ಅಗಲಿಸಿ ಬೆರಳು ಆಡಿಸಿದೆ. ಬಲಗಡೆ ಬೆರಳು ಆಡಿದ್ದನ್ನು ಥಟ್ಟನೆ ಹೇಳಿದರು. ಎಡಗಡೆಯದು ಅವರ ಕಿವಿಯಿಂದ ಮುಂದಕ್ಕೆ ಬಂದು, ಹೆಚ್ಚುಕಮ್ಮಿ ಕೆನ್ನೆಯ ನೇರಕ್ಕೆ ತಲುಪುವವರೆಗೂ ಕಾಣಲಿಲ್ಲ. ಅವರು ಗಾಬರಿಯಾದರು. ಅವರ ಹೆಂಡತಿ ಮಾತ್ರ, "ಅದಕ್ಕೇ ಊಟಕ್ಕೆ ಕೂತಾಗ ಎಡಗಡೆ ಇಟ್ಟ ನೀರಿನ ಲೋಟ ದಿನಾ ಬೀಳ್ತಿತ್ತು" ಅಂದರು. ಈ ಪರೀಕ್ಷೆಗೆ ಯಂತ್ರ ಬೇಡ, ಖರ್ಚಿಲ್ಲ, ಎರಡು ನಿಮಿಷ ಸಾಕು.

ಇದನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣ ನಿಮ್ಮ ಪತ್ರದಲ್ಲೇ ಇದೆ. ಎರಡು ಸಲವೂ ಎಡಗಡೆಯೇ ಉಜ್ಜಿದೆ ಎಂದು ಬರೆದಿದ್ದೀರಿ. ನಮ್ಮಲ್ಲಿ ಸ್ಟೀರಿಂಗ್ ಬಲಗಡೆ ಇರುವುದರಿಂದ ಎಡಗಡೆಯ ಅಂದಾಜು ತಪ್ಪುವುದು ಯಾರಿಗಾದರೂ ಆಗಬಹುದು. ಗೇಟು ಕಿರಿದಾಗಿರಬಹುದು, ಕತ್ತು ಹಿಡಿದುಕೊಂಡು ತಿರುಗಿಸಲು ಆಗದೆ ಇರಬಹುದು. ಗ್ಲಾಕೋಮಾ ಇರಬಹುದು. ಯಾರಿಗೂ ಗೊತ್ತಾಗದೆ ಹಿಂದೆ ಯಾವಾಗಲೋ ಆದ ಸಣ್ಣ ಸ್ಟ್ರೋಕ್ ಕೂಡ ಎಡಗಡೆಯ ಗಮನವನ್ನೇ ಕಿತ್ತುಕೊಂಡಿರಬಹುದು. ಹೆದರಿಸಲು ಹೇಳುತ್ತಿಲ್ಲ. ಎರಡು ಸಲ ಒಂದೇ ಕಡೆ ಆಗಿದೆ ಅಂದರೆ ಲೈಸೆನ್ಸ್ ರಿನ್ಯೂವಲ್‌ವರೆಗೆ ಕಾಯಬೇಡಿ, ಈ ತಿಂಗಳೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಕಣ್ಣಿನ ಒತ್ತಡ ಮತ್ತು ದೃಷ್ಟಿಕ್ಷೇತ್ರ (ಪಕ್ಕಗಳಲ್ಲಿ ಎಲ್ಲಿಯವರೆಗೆ ಕಾಣುತ್ತದೆ ಎಂಬುದು), ಎರಡನ್ನೂ ನೋಡಿ ಅಂತ ಬಾಯಿಬಿಟ್ಟು ಕೇಳಿ. ಸುಮ್ನೆ ಕನ್ನಡಕದ ನಂಬರ್ ಬರೆಸಿಕೊಂಡು ಬರಬೇಡಿ.

ರಾತ್ರಿ ಓಡಿಸುವುದು ಇನ್ನೊಂದು ಕಥೆ. 60 ವರ್ಷದವರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು, 20 ವರ್ಷದವರಿಗೆ ತಲುಪುವುದರ ಸುಮಾರು ಮೂರನೇ ಒಂದು ಭಾಗ ಮಾತ್ರ. ಪಾಪೆ ಚಿಕ್ಕದಾಗುತ್ತದೆ, ಮಸೂರ ಹಳದಿ ತಿರುಗುತ್ತದೆ. ಪೊರೆ ಶುರುವಾಗಿದ್ದರೆ ಎದುರಿನ ಗಾಡಿಯ ಲೈಟು ಕಣ್ಣೊಳಗೆ ಚೆದುರುತ್ತದೆ. ನಮ್ಮ ಹೆದ್ದಾರಿಗಳಲ್ಲಿ ಎದುರಿಂದ ಬರುವವರು ಲೈಟು ಡಿಪ್ ಮಾಡುವುದು ಕಡಿಮೆ. ಆ ಬೆಳಕು ಹೊಡೆದ ಮೇಲೆ ಕಣ್ಣು ಸುಧಾರಿಸಿಕೊಳ್ಳಲು ಹಿರಿಯರಿಗೆ ಜಾಸ್ತಿ ಹೊತ್ತು ಬೇಕು. ಅಷ್ಟರಲ್ಲಿ ರಸ್ತೆಬದಿಯಲ್ಲಿ ಲೈಟಿಲ್ಲದೆ ನಿಂತ ಟ್ರ್ಯಾಕ್ಟರ್ ಟ್ರೈಲರ್ ಹತ್ತಿರ ಬಂದಿರುತ್ತದೆ. ಹಗಲಿನಲ್ಲಿ ಚೆನ್ನಾಗಿ ಓಡಿಸುವ ಎಷ್ಟೋ ಹಿರಿಯರು ರಾತ್ರಿ ಓಡಿಸಬಾರದು. ಹಗಲಿನ 25 ಮೀಟರ್ ಪರೀಕ್ಷೆಯಲ್ಲಿ ಇದು ಗೊತ್ತಾಗುವುದಿಲ್ಲ.

ಮಾತ್ರೆಗಳನ್ನೂ ಯಾರೂ ಕೇಳುವುದಿಲ್ಲ. ನಿದ್ದೆಗೆ ಅಥವಾ ಆತಂಕಕ್ಕೆ ಕೊಡುವ ಅಲ್ಪ್ರಾಜೋಲಾಂ, ಕ್ಲೋನಾಜೆಪಾಂ, ಕಾಲುರಿಗೆ ಕೊಡುವ ಪ್ರಿಗ್ಯಾಬಲಿನ್, ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುವ ನೆಗಡಿ ಮಾತ್ರೆ. ಇವೆಲ್ಲ ಮಂಪರು ತರುತ್ತವೆ, ಎರಡು ಮೂರು ಸೇರಿದರೆ ಇನ್ನೂ ಜಾಸ್ತಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಂಡು, ಊಟ ತಡ ಮಾಡಿ ಹೊರಟರೆ ದಾರಿಯಲ್ಲಿ ಶುಗರ್ ಲೋ ಆಗಬಹುದು. ಆಗ ತಮಗೆ ಏನಾಗುತ್ತಿದೆ ಎಂಬುದೇ ಓಡಿಸುವವರಿಗೆ ಗೊತ್ತಾಗುವುದಿಲ್ಲ. ಇದಕ್ಕೆ ಲೈಸೆನ್ಸ್ ಕಿತ್ತುಕೊಳ್ಳಬೇಕಾಗಿಲ್ಲ. ಮಾತ್ರೆ ಬದಲಾಯಿಸಿದರೆ, ಹೊತ್ತು ಬದಲಾಯಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಇನ್ನು ಮಿದುಳು. ಫಾರಂ 1ಎ ಯಲ್ಲಿ ನೆನಪು, ಗಮನ, ನಿರ್ಧಾರದ ವೇಗ ಇವುಗಳಿಗೆ ಸರಿಯಾದ ಪರೀಕ್ಷೆಯೇ ಇಲ್ಲ. ಇದು ದೊಡ್ಡ ಕೊರತೆ. ಡ್ರೈವಿಂಗಿನಲ್ಲಿ ಕಷ್ಟದ ಕೆಲಸ ಅಂದರೆ ಒಂದೇ ಹೊತ್ತಿನಲ್ಲಿ ಹಲವು ಕಡೆ ಗಮನ ಇಡುವುದು. ಬಲಕ್ಕೆ ತಿರುಗಬೇಕು ಅಂದುಕೊಳ್ಳಿ. ಎದುರಿನ ಬಸ್ಸಿನ ವೇಗ ಅಂದಾಜು ಮಾಡಬೇಕು, ಹಿಂದಿನ ಬೈಕು ನೋಡಬೇಕು, ದಾಟುತ್ತಿರುವ ಅಜ್ಜಿಯನ್ನು ನೋಡಬೇಕು. ಹಿರಿಯ ಚಾಲಕರ ಅಪಘಾತಗಳು ಕೂಡುರಸ್ತೆಗಳಲ್ಲಿ, ಎದುರಿನ ಸಾಲನ್ನು ಕತ್ತರಿಸಿ ತಿರುಗುವಾಗ ಹೆಚ್ಚು ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳು ತೋರಿಸಿವೆ. ಇದನ್ನು ಅಳೆಯಲು ನಾನು ಒಂದು ಹಾಳೆ ಕೊಡುತ್ತೇನೆ. ಅದರ ಮೇಲೆ ಅಂಕಿಗಳೂ ಅಕ್ಷರಗಳೂ ಚೆಲ್ಲಿಕೊಂಡಿರುತ್ತವೆ. 1ರಿಂದ ಅ ಗೆ, ಅಲ್ಲಿಂದ 2ಕ್ಕೆ, ಅಲ್ಲಿಂದ ಆ ಗೆ, ಆಮೇಲೆ 3ಕ್ಕೆ, ಹೀಗೆ ಗೆರೆ ಎಳೆಯುತ್ತಾ ಹೋಗಬೇಕು. ಇಂಗ್ಲಿಷ್ ಅಕ್ಷರಗಳಲ್ಲಿ ಇದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಪರೀಕ್ಷೆ. ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಡಾಕ್ಟರುಗಳು ಇನ್ನೂ ಆಳವಾಗಿ ನೋಡಬೇಕು. ಹೆಚ್ಚು ಓದದವರಿಗೆ ಇದು ಸಹಜವಾಗಿಯೇ ಕಷ್ಟ. ಹಾಗಾಗಿ ಈ ಹಾಳೆ ಒಂದನ್ನೇ ನಂಬಿ ನಾನು ಯಾರಿಗೂ ಗಾಡಿ ಬಿಡಿ ಎಂದು ಹೇಳುವುದಿಲ್ಲ.

ಈಗ ನಿಮ್ಮ ತಮ್ಮನ ಟೆಸ್ಟ್ ವಿಚಾರ. ನಮ್ಮಲ್ಲಿ ಟೆಸ್ಟ್ ಅಂದರೆ ಏನು? ಟೂವೀಲರಿನಲ್ಲಿ ಎಂಟು ಹಾಕುವುದು, ಕಾರಿನಲ್ಲಿ ಟ್ರ್ಯಾಕ್ ಮೇಲೆ ಮುಂದೆ ಹೋಗಿ ರಿವರ್ಸ್ ಬರುವುದು, ಏರಿನಲ್ಲಿ ನಿಲ್ಲಿಸಿ ಹೊರಡುವುದು. ನಿಮ್ಮ ತಂದೆ ಇದರಲ್ಲಿ ಪಾಸಾಗುವ ಸಾಧ್ಯತೆಯೇ ಹೆಚ್ಚು. ದಶಕಗಳಿಂದ ಕೈಗೆ ಕೂತ ವಿದ್ಯೆ ಮರೆವಿನ ಕಾಯಿಲೆಯ ಆರಂಭದಲ್ಲೂ ಉಳಿದಿರುತ್ತದೆ. ಕ್ಲಚ್ಚು ಗೇರು ಕಾಲಿಗೆ ಕೈಗೆ ಗೊತ್ತಿರುತ್ತವೆ. ಸೋಲುವುದು ದಿಢೀರನೆ ಹೊಸದೇನಾದರೂ ಎದುರಾದಾಗ. ಖಾಲಿ ಟ್ರ್ಯಾಕಿನಲ್ಲಿ ಹೊಸದೇನೂ ಎದುರಾಗುವುದಿಲ್ಲ. ಅಪಾಯಕಾರಿ ಚಾಲಕ ಪಾಸಾಗಿ, ಮಂಡಿನೋವಿನಿಂದ ಆ ದಿನ ಎಂಟು ಹಾಕುವಾಗ ಕಾಲು ಊರಿದ ಒಬ್ಬ ಎಚ್ಚರದ ಮನುಷ್ಯ ಫೇಲಾಗಬಹುದು. ಅದು ನ್ಯಾಯವೂ ಅಲ್ಲ, ಸುರಕ್ಷತೆಯೂ ಅಲ್ಲ.

ಬೇರೆ ದೇಶಗಳ ಅನುಭವವನ್ನೂ ನಿಮ್ಮ ತಮ್ಮನಿಗೆ ಹೇಳಿ. ಜಪಾನ್ ಇದನ್ನು ಬಹಳ ಗಂಭೀರವಾಗಿ ತೆಗೆದುಕೊಂಡ ದೇಶ. ಅಲ್ಲಿ 75 ದಾಟಿದವರು ರಿನ್ಯೂ ಮಾಡಿಸುವಾಗ ನೆನಪಿನ ಪರೀಕ್ಷೆ ಕೊಡಬೇಕು. 16 ಚಿತ್ರ ತೋರಿಸಿ ಸ್ವಲ್ಪ ಹೊತ್ತಿನ ನಂತರ ಏನೇನಿತ್ತು ಎಂದು ಕೇಳುತ್ತಾರೆ, ಇವತ್ತು ಯಾವ ತಾರೀಖು, ಗಂಟೆ ಎಷ್ಟಿರಬಹುದು ಎಂದು ಕೇಳುತ್ತಾರೆ. 2019ರ ಏಪ್ರಿಲ್‌ನಲ್ಲಿ ಟೋಕಿಯೋದ ಇಕೆಬುಕುರೊದಲ್ಲಿ 87 ವರ್ಷದ ಒಬ್ಬರು ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತಿ, ಒಬ್ಬ ತಾಯಿ ಮತ್ತು ಅವಳ ಮೂರು ವರ್ಷದ ಮಗಳು ಸತ್ತರು. ಇಡೀ ದೇಶ ನಡುಗಿತು. ಆ ವರ್ಷ ಸುಮಾರು 6 ಲಕ್ಷ ಜನ ತಾವಾಗಿಯೇ ಲೈಸೆನ್ಸ್ ಮರಳಿಸಿದರು. 2022ರ ಮೇ ತಿಂಗಳಿಂದ ಡ್ರೈವಿಂಗ್ ಟೆಸ್ಟ್ ಕೂಡ ತಂದರು. ಆದರೆ ಗಮನಿಸಿ, 75 ದಾಟಿದ ಎಲ್ಲರಿಗೂ ಅಲ್ಲ. ಹಿಂದಿನ ಮೂರು ವರ್ಷಗಳಲ್ಲಿ ಸಿಗ್ನಲ್ ಹಾರಿಸುವಂಥ ತಪ್ಪು ಮಾಡಿ ಸಿಕ್ಕವರಿಗೆ ಮಾತ್ರ. ವಯಸ್ಸಿನ ಜೊತೆ ನಡತೆಯನ್ನೂ ನೋಡಿದರು. ಇದು ನನಗೆ ಸರಿ ಎನಿಸುತ್ತದೆ.

ಎಲ್ಲರಿಗೂ ತಪಾಸಣೆ ಇಟ್ಟ ಕಡೆ ಲಾಭ ಅಷ್ಟು ಸ್ಪಷ್ಟವಾಗಿಲ್ಲ. ಡೆನ್ಮಾರ್ಕ್ 2006ರಲ್ಲಿ 70 ದಾಟಿದವರಿಗೆ ಮಿದುಳಿನ ಪರೀಕ್ಷೆ ತಂದಿತು. ಆಮೇಲೆ ಲೆಕ್ಕ ಹಾಕಿ ನೋಡಿದರೆ ಹಿರಿಯ ಚಾಲಕರ ಸಾವು ಕಡಿಮೆಯಾಗಿರಲಿಲ್ಲ. ಬದಲಿಗೆ ನಡೆದು, ಸೈಕಲ್ ತುಳಿದು ಹೋಗುವ ಹಿರಿಯರ ಸಾವು ಏರಿತ್ತು. ಕಾರು ಬಿಟ್ಟವರು ರಸ್ತೆಗೆ ಇಳಿದಿದ್ದರು. ಡೆನ್ಮಾರ್ಕ್ 2017ರಲ್ಲಿ ವಯಸ್ಸಿನ ಆಧಾರದ ತಪಾಸಣೆಯನ್ನೇ ತೆಗೆದುಹಾಕಿತು. ಆಸ್ಟ್ರೇಲಿಯಾದಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯ 85 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ರಸ್ತೆ ಟೆಸ್ಟ್ ಇಟ್ಟಿದೆ. ಪಕ್ಕದ ವಿಕ್ಟೋರಿಯಾದಲ್ಲಿ ಅಂಥ ನಿಯಮ ಇರಲಿಲ್ಲ. ಎರಡನ್ನೂ ಹೋಲಿಸಿದ ಸಂಶೋಧಕರಿಗೆ ಟೆಸ್ಟ್ ಇಟ್ಟ ಕಡೆ ಹೆಚ್ಚಿನ ಸುರಕ್ಷತೆ ಕಾಣಲಿಲ್ಲ. ಜಪಾನಿನಲ್ಲಿ ಮಾತ್ರ 2017ರಲ್ಲಿ ನೆನಪಿನ ಪರೀಕ್ಷೆ ಬಿಗಿಯಾದ ಮೇಲೆ ಹಿರಿಯರ ಡಿಕ್ಕಿಗಳು ಇಳಿದವು. ಅಲ್ಲೂ ನಡೆಯುವ ಹಿರಿಯರಿಗೆ ಗಾಯ ಜಾಸ್ತಿಯಾಯಿತು. ಫುಟ್‌ಪಾತೇ ಇಲ್ಲದ ನಮ್ಮ ಊರುಗಳಲ್ಲಿ ಈ ಕೊನೆಯ ಮಾತನ್ನು ಎರಡು ಸಲ ಯೋಚಿಸಬೇಕು, ಅಲ್ವಾ?

ನಮ್ಮ ದೇಶದ ರಸ್ತೆಗಳಲ್ಲಿ ಸಾಯಿಸುತ್ತಿರುವುದು ಮುಖ್ಯವಾಗಿ ವೇಗ ಎಂಬುದನ್ನೂ ಮರೆಯಬಾರದು. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಸಾವುಗಳನ್ನು ಸರ್ಕಾರದ ವರದಿ ಅತಿವೇಗದ ಲೆಕ್ಕಕ್ಕೆ ಹಾಕಿದೆ. ಸತ್ತವರಲ್ಲಿ ಮೂರರಲ್ಲಿ ಎರಡು ಪಾಲು 18ರಿಂದ 45 ವರ್ಷದವರು. ಹಿರಿಯರು ಸಾಮಾನ್ಯವಾಗಿ ನಿಧಾನ ಹೋಗುತ್ತಾರೆ, ಕುಡಿದು ಓಡಿಸುವುದು ಕಡಿಮೆ, ಮಳೆಯಿದ್ದರೆ ಹೊರಡುವುದೇ ಇಲ್ಲ. ಅಪಘಾತವಾದರೆ ಅವರೇ ಹೆಚ್ಚು ಸಾಯುತ್ತಾರೆ ಎನ್ನುವುದು ನಿಜ. ಅದಕ್ಕೆ ದೊಡ್ಡ ಕಾರಣ ಅವರ ಮೂಳೆ, ಎದೆಗೂಡು ಪೆಟ್ಟು ತಡೆಯದಿರುವುದು.

ಪೆಟ್ಟಿನ ಮಾತು ಬಂದಿದ್ದರಿಂದ ಹೇಳುತ್ತೇನೆ, ನೀವಿಬ್ಬರೂ ಕಾರಿನ ಬಗ್ಗೆ ಯೋಚಿಸುತ್ತಿದ್ದೀರಿ. ನನಗೆ ಜಾಸ್ತಿ ಚಿಂತೆ ಸ್ಕೂಟರಿನದು. ನೂರು ಕಿಲೋ ತೂಕದ ಗಾಡಿ. ಬಣ್ಣ ಹಚ್ಚದ ಹಂಪ್ ದಿಢೀರನೆ ಸಿಕ್ಕಾಗ, ಮರಳಿನಲ್ಲಿ ಚಕ್ರ ಜಾರಿದಾಗ, ಕಾಲು ಊರಿ ತಡೆಯಲು ತೊಡೆಯಲ್ಲಿ ಬಲ ಬೇಕು. ಕಾರಿನಲ್ಲಿ ಒಂದು ಗೀರು ಆಗುವ ತಪ್ಪು ಸ್ಕೂಟರಿನಲ್ಲಿ ಸೊಂಟದ ಮೂಳೆ ಮುರಿತ ಆಗುತ್ತದೆ. ಈ ವಯಸ್ಸಿನಲ್ಲಿ ಸೊಂಟ ಮುರಿದರೆ ಎಷ್ಟೋ ಜನ ಮತ್ತೆ ಮೊದಲಿನ ಹಾಗೆ ಓಡಾಡುವುದಿಲ್ಲ. ಪೇಟೆಗೆ ಸ್ಕೂಟರು ಸುಲಭ, ಕಾರಿಗೆ ಪಾರ್ಕಿಂಗ್ ಸಿಗುವುದಿಲ್ಲ ಎಂದು ಅವರು ಹೇಳಬಹುದು. ಆದರೂ ಎರಡರಲ್ಲಿ ಒಂದನ್ನು ಮೊದಲು ಬಿಡಬೇಕಾದರೆ ಅದು ಸ್ಕೂಟರೇ ಆಗಲಿ.

ಈಗ ಮನೆಯ ಕೆಲಸ. ಮುಂದಿನ ಸಲ ಊರಿಗೆ ಹೋದಾಗ ಪರೀಕ್ಷೆ ಮಾಡುವವರ ಹಾಗೆ ಕೂರದೆ, ಸಹಜವಾಗಿ ಅಪ್ಪನ ಪಕ್ಕದ ಸೀಟಿನಲ್ಲಿ ಕೂತು ತೋಟಕ್ಕೂ ಪೇಟೆಗೂ ಹೋಗಿಬನ್ನಿ. ಕೂಡುರಸ್ತೆಯಲ್ಲಿ ಎರಡೂ ಕಡೆ ಕತ್ತು ತಿರುಗಿಸುತ್ತಾರಾ, ಅಥವಾ ಹಾರ್ನ್ ಹೊಡೆದು ನುಗ್ಗುತ್ತಾರಾ? ಬೇರೆಯವರು ಅವರಿಗೆ ಪದೇಪದೇ ಹಾರ್ನ್ ಹೊಡೆಯುತ್ತಾರಾ? ಗೊತ್ತಿರುವ ದಾರಿಯಲ್ಲಿ ತಿರುವು ತಪ್ಪಿದೆಯಾ? ಬ್ರೇಕ್ ಹುಡುಕುವ ಹಾಗೆ ಕಾಲು ತಡಕಾಡುತ್ತದೆಯಾ? ಅಮ್ಮನನ್ನೂ ಒಂಟಿಯಾಗಿ ಕೇಳಿ. ದಿನಾ ಜೊತೆಗೆ ಹೋಗುವವರಿಗೆ ನಿಮಗಿಂತ, ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆದರೆ ಅವರು ಗಂಡನ ಮುಂದೆ ಹೇಳುವುದಿಲ್ಲ.

ಗಾಬರಿಯಾಗುವಂಥದ್ದು ಕಂಡರೆ ಕೀಲಿ ಬಚ್ಚಿಡುವುದು, ಬ್ಯಾಟರಿ ವೈರು ಬಿಚ್ಚುವುದು ಇಂಥವು ಬೇಡ. ಮರೆವಿನ ಕಾಯಿಲೆ ಜೋರಾಗಿ ಮಾತು ಅರ್ಥವೇ ಆಗದ ಹಂತದಲ್ಲಿ ಬೇರೆ ದಾರಿಯಿಲ್ಲದೆ ಹಾಗೆ ಮಾಡಬೇಕಾಗುತ್ತದೆ. ಬುದ್ಧಿ ಚುರುಕಾಗಿರುವ ಮನುಷ್ಯನಿಗೆ ಹಾಗೆ ಮಾಡಿದರೆ ನಂಬಿಕೆ ಮುರಿಯುತ್ತದೆ. ಗಾಡಿ ಬಿಟ್ಟ ಹಿರಿಯರಲ್ಲಿ ಖಿನ್ನತೆಯ ಲಕ್ಷಣಗಳ ಅಪಾಯ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ನಾನೂ ಅದನ್ನು ಕಂಡಿದ್ದೇನೆ. ತೋಟಕ್ಕೆ ಹೋಗುವುದು ನಿಂತರೆ ಅವರಿಗೆ ಬೆಳಗ್ಗೆ ಏಳುವುದಕ್ಕೇ ಕಾರಣ ಇಲ್ಲದಂತಾಗುತ್ತದೆ. ಹಾಗಾಗಿ ಬಿಡಿಸುವ ಮೊದಲು ಬದಲಿ ವ್ಯವಸ್ಥೆ ಮಾಡಿ. ಅಮ್ಮನಿಗೆ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಉಚಿತ. ಅಪ್ಪನಿಗೆ ವಯಸ್ಸಿನ ದಾಖಲೆ ತೋರಿಸಿದರೆ ಕೆಎಸ್‌ಆರ್‌ಟಿಸಿಯಲ್ಲಿ ನೂರಕ್ಕೆ 25 ರಿಯಾಯಿತಿ ಇದೆ. ತೋಟದ ದಾರಿಗೆ ಬಸ್ಸಿಲ್ಲದಿದ್ದರೆ ಊರಿನ ಒಬ್ಬ ಆಟೋದವರ ಜೊತೆ ತಿಂಗಳ ಲೆಕ್ಕ ಮಾತಾಡಿ. ದುಡ್ಡು ಕೊಡುವ ಮಾತು ಬಂದಾಗ ಅಪ್ಪ ಬೇಡ ಅನ್ನುತ್ತಾರೆ. ಕಾರಿನ ಇನ್ಶೂರೆನ್ಸ್, ಪೆಟ್ರೋಲು, ಸರ್ವೀಸು ಎಲ್ಲ ಕೂಡಿಸಿ ಅವರ ಮುಂದೆ ಇಡಿ, ಅವರೇ ಲೆಕ್ಕ ಹಾಕಲಿ.

ಬಹಳ ಮನೆಗಳಲ್ಲಿ ನಡುವಿನ ದಾರಿ ಸಾಕಾಗುತ್ತದೆ. ಕತ್ತಲಾದ ಮೇಲೆ ಬೇಡ, ಹೆದ್ದಾರಿ ಬೇಡ, ಮಳೆಯಲ್ಲಿ ಬೇಡ, ತೋಟದ ರಸ್ತೆಗೆ ಮಾತ್ರ. ನ್ಯೂ ಸೌತ್ ವೇಲ್ಸಿನಲ್ಲಿ ರಸ್ತೆ ಟೆಸ್ಟ್ ಬೇಡ ಎನ್ನುವ ಹಿರಿಯರಿಗೆ ಇಷ್ಟು ದೂರದೊಳಗೆ ಮಾತ್ರ ಎಂದು ಬರೆದ ಲೈಸೆನ್ಸನ್ನೇ ಕೊಡುತ್ತಾರೆ. ನಮ್ಮಲ್ಲೂ ಹಿರಿಯರಿಗೆ ಅಂಥ ಲೈಸೆನ್ಸ್ ಬರಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. ಜೊತೆಗೆ, 70 ದಾಟಿದವರ ಫಾರಂ 1ಎ ಗೆ ಕಣ್ಣಿನ ಡಾಕ್ಟರ ವರದಿ, ಮಾತ್ರೆಗಳ ಪಟ್ಟಿ, ಹತ್ತು ನಿಮಿಷದ ನೆನಪು ಮತ್ತು ಗಮನದ ಪರೀಕ್ಷೆ ಸೇರಬೇಕು. ಅದರಲ್ಲಿ ಅನುಮಾನ ಬಂದವರನ್ನು ಮಾತ್ರ ಇನ್‌ಸ್ಪೆಕ್ಟರು ಟ್ರಾಫಿಕ್ಕಿರುವ ನಿಜವಾದ ರಸ್ತೆಯಲ್ಲಿ ಓಡಿಸಿ ನೋಡಬೇಕು. ಇದಕ್ಕೆ ಪೂರ್ತಿ ಹೊಸ ಕಾನೂನೇನೂ ಬೇಡ. ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ, ಕಾಯಿಲೆ ಅಥವಾ ಅಂಗವೈಕಲ್ಯದಿಂದ ಒಬ್ಬರು ಓಡಿಸಲು ಯೋಗ್ಯರಲ್ಲ ಎಂದು ನಂಬಲು ಕಾರಣವಿದ್ದರೆ ಆರ್‌ಟಿಓ ಯಾವಾಗ ಬೇಕಾದರೂ ಹೊಸ ಮೆಡಿಕಲ್ ಸರ್ಟಿಫಿಕೇಟ್ ಕೇಳಬಹುದು, ಲೈಸೆನ್ಸ್ ರದ್ದೂ ಮಾಡಬಹುದು. ಮನೆಯವರ ಪತ್ರ, ಡಾಕ್ಟರ ವರದಿ ಇದಕ್ಕೆ ಆಧಾರ ಆಗಬಹುದು. ಈ ದಾರಿ ಇದೆ ಎಂಬುದೇ ಬಹಳ ಜನಕ್ಕೆ ಗೊತ್ತಿಲ್ಲ.

ಕೊನೆಗೆ ರಿನ್ಯೂವಲ್ ವಿಷಯ. ಅವಧಿ ಮುಗಿಯುವುದಕ್ಕೆ ಒಂದು ವರ್ಷ ಮೊದಲಿನಿಂದಲೇ ಅರ್ಜಿ ಹಾಕಬಹುದು. ಮುಗಿದ ಮೇಲೆ ಒಂದು ವರ್ಷದವರೆಗೂ ಹಾಕಬಹುದು, ಆದರೆ ಆ ನಡುವೆ ಗಾಡಿ ಓಡಿಸುವ ಹಾಗಿಲ್ಲ. ಆಗ ಅಪಘಾತವಾದರೆ ವಿಮಾ ಕಂಪನಿ ಗಾಯಾಳುವಿಗೆ ಹಣ ಕಟ್ಟಿ, ಆಮೇಲೆ ನಿಮ್ಮ ತಂದೆಯವರಿಂದ ವಸೂಲಿ ಮಾಡಬಹುದು. ಒಂದು ವರ್ಷವೂ ದಾಟಿದರೆ ನಿಮ್ಮ ತಮ್ಮ ಹೇಳುವ ಟೆಸ್ಟ್ ಹೇಗೂ ಕೊಡಬೇಕಾಗುತ್ತದೆ. ಅವರ ಕಣ್ಣಿನಲ್ಲಿ ಪೊರೆ ಇದೆ ಎಂದು ಗೊತ್ತಾದರೆ ಮೊದಲು ಆಪರೇಷನ್ ಮಾಡಿಸಿ, ಹೊಸ ಕನ್ನಡಕ ಬಂದ ಮೇಲೆ ಸರ್ಟಿಫಿಕೇಟಿಗೆ ಹೋಗಿ. ಅವರನ್ನು ವರ್ಷಗಳಿಂದ ಬಲ್ಲ ಡಾಕ್ಟರ ಹತ್ತಿರವೇ ಕರೆದುಕೊಂಡು ಹೋಗಿ. ಏಜೆಂಟ್ ಕೈಗೆ ಫಾರಂ ಕೊಡಬೇಡಿ. ಹೋಗುವಾಗ ಅವರು ನುಂಗುವ ಎಲ್ಲ ಮಾತ್ರೆ, ಅಂಗಡಿಯಿಂದ ತಂದ ನೆಗಡಿ ಮಾತ್ರೆ ಸಮೇತ, ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಕಾರಿನ ಎಡಗಡೆ ಉಜ್ಜಿದ್ದನ್ನು ಅಪ್ಪನೇ ಹೇಳಲಿ. ಅವರು ಹೇಳದಿದ್ದರೆ ನೀವು ಹೇಳಿ.